ಇಟ್ಟಿಗೆಪುಡಿಯ ಕೆಂಪು

ಮೂರನೇ ಗ್ಯಾಲರಿಯಲ್ಲಿ ಏಣಿಯ ಬುಡಕ್ಕೆ ಹಾಸಿದ್ದ ಹಳೆ ಪೇಪರಿನ ತುಂಬ ಕೆಂಪು ಪುಡಿ. ಅವಳು ಅದನ್ನೆಲ್ಲ ಮೊರಕ್ಕೆ ಗುಡಿಸಿ ಕಸದ ಡಬ್ಬಿಗೆ ಸುರಿಯುವುದಕ್ಕೂ, ಮೇಲಿನಿಂದ ಕೂಗು ಬೀಳುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ ಟೀಚರಮ್ಮ! ಅದು ಕಸ ಅಲ್ಲ ಕಣ್ರೀ!"

ಕತ್ತೆತ್ತಿದಳು. ಏಣಿಯ ತುದಿಯಲ್ಲಿ ಮ್ಯೂಸಿಯಮ್ಮಿನ ಪೇಂಟರ್. ರೆಪ್ಪೆಯ ಮೇಲೆಲ್ಲ ಸುಣ್ಣದ ಧೂಳು.

"ಕಸ ಅಲ್ದೆ ಇನ್ನೇನು? ಇನ್ನು ಹತ್ತು ನಿಮಿಷಕ್ಕೆ ಮಕ್ಕಳು ಬರ್ತಾರೆ."

"ಬಣ್ಣ. ಒಂದು ವಾರದಿಂದ ಕೂಡಿಡ್ತಿದ್ದೆ. ಡಬ್ಬಿ ಪಾಲು ಮಾಡಿದ್ರಲ್ಲ!"

ಅವಳು ಶಿಕ್ಷಣ ವಿಭಾಗಕ್ಕೆ ಇಂಟರ್ನ್ ಆಗಿ ಸೇರಿ ಒಂದು ತಿಂಗಳಾಗಿತ್ತು. ಹೊಸದೇನನ್ನೂ ಕೊಳ್ಳದೆ, ಜನ ಬೇಡವೆಂದು ಬಿಸಾಡಿದ್ದರಲ್ಲೇ ಕಲೆ ಮಾಡುವುದನ್ನು ಶಾಲೆಯ ಮಕ್ಕಳಿಗೆ ಕಲಿಸಬೇಕು. ಅದು ಅವಳ ಕೆಲಸ. ಆರು ತಿಂಗಳು ಚೆನ್ನಾಗಿ ಮಾಡಿದರೆ ಕಾಯಂ ಆಗುವ ಆಸೆ. ಆದರೆ ಅವಳ ಬಾಟಲಿ ಮುಚ್ಚಳದ ಹೂವುಗಳನ್ನು ಕಂಡು ಮಕ್ಕಳು ಬಾಯಿ ಬಿಟ್ಟು ಆಕಳಿಸುತ್ತಿದ್ದವು.

ಮಧ್ಯಾಹ್ನ ಹಿತ್ತಿಲ ಮೆಟ್ಟಿಲ ಮೇಲೆ ಪೇಂಟರ್ ಅವಳನ್ನು ಕೂರಿಸಿಕೊಂಡ. ಒಡೆದ ಇಟ್ಟಿಗೆಯನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಗೋಂದಿಗೆ ಕಲಸಿ, ಎರಡು ಹನಿ ಜೇನುತುಪ್ಪ ಬಿಟ್ಟ. ಜೇನು ಬೀಳದಿದ್ದರೆ ಬಣ್ಣ ಒಣಗಿ ಬಿರಿಯುತ್ತದಂತೆ. ಕಾಗದದ ಮೇಲೆ ಒಂದು ಗೆರೆ ಎಳೆದು ಮೆಲ್ಲಗೆ ಊದಿದ.

ಅವಳು ನೋಡುತ್ತಿದ್ದದ್ದು ಗೆರೆಯನ್ನಲ್ಲ, ಊದುತ್ತಿದ್ದ ತುಟಿಗಳನ್ನು.

"ಬಣ್ಣ ಇಲ್ಲಿದೆ ಟೀಚರಮ್ಮ," ಅವನು ಕಣ್ಣೆತ್ತದೆಯೇ ಹೇಳಿದ. "ನೀವೆಲ್ಲೋ ನೋಡ್ತಾ ಇದೀರಿ."

ಅವಳ ಕೆನ್ನೆ ಕೆಂಪಾಗಲು ಯಾವ ಇಟ್ಟಿಗೆಯೂ ಬೇಕಾಗಲಿಲ್ಲ.

ಆಮೇಲೆ ಕಿಟಕಿ ಸರಳಿನ ತುಕ್ಕಿನಿಂದ ಕಂದು ಬಂತು, ಇದ್ದಿಲಿನಿಂದ ಕಪ್ಪು ಬಂತು. ಮಕ್ಕಳು ಮೊಣಕೈವರೆಗೂ ಬಣ್ಣ ಮೆತ್ತಿಕೊಂಡು ಮನೆಗೆ ಹೋಗಲೊಲ್ಲೆವೆಂದು ಹಟ ಹಿಡಿದವು. ಸುದ್ದಿ ಕೇಳಿ ಒಂದು ದಿನ ನಿರ್ದೇಶಕಿಯೇ ತರಗತಿಗೆ ಬಂದರು.

"ಅದ್ಭುತ! ಇದೆಲ್ಲ ನಿಮ್ಮದೇ ಐಡಿಯಾನಾ?"

ಎರಡು ಮಾರು ದೂರದಲ್ಲಿ ಪೇಂಟರ್ ಏಣಿಯ ಮೇಲಿದ್ದ. ಅವಳು ನಕ್ಕು ತಲೆ ತಗ್ಗಿಸಿದಳು. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಮೇಲೆ ಬ್ರಷ್ಷಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಮರುದಿನದಿಂದ ಅವನ ಬಾಯಲ್ಲಿ ಅವಳು ಬರೀ "ಮೇಡಂ" ಆದಳು.

ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ಶಾಲೆಗಳಿಗೆಲ್ಲ ಹಂಚಲು ಈ ಬಣ್ಣಗಳ ಕೈಪಿಡಿ ಸಿದ್ಧವಾಗುತ್ತಿತ್ತು. ಕರಡಿನ ಮೊದಲ ಪುಟದಲ್ಲಿ ತನ್ನೊಬ್ಬಳದೇ ಹೆಸರು ಕಂಡಾಗ ಆ ಪುಟವನ್ನು ಮಗುಚಿಟ್ಟಳು. ಹೇಳಿಬಿಡೋಣವೆಂದು ಮೂರು ಸಲ ಏಣಿಯ ಬಳಿ ಹೋದಳು. ಮೂರು ಸಲವೂ ಬಾಯಿಗೆ ಬಂದದ್ದು ಒಂದೇ.

"ಕುಡಿಯೋಕೆ ನೀರು ಬೇಕಾ?"

"ಬೇಡ ಮೇಡಂ."

ಕೊನೆಗೆ, ಶಿಕ್ಷಕರಿಗೆ ಅವಳು ಈ ಬಣ್ಣಗಳನ್ನು ಕಲಿಸಬೇಕಿದ್ದ ತರಬೇತಿಯ ದಿನ, ತಡೆಯಲಾಗಲಿಲ್ಲ. ಮೂವತ್ತು ಜನ ಶಿಕ್ಷಕರು, ಮುಂದಿನ ಸಾಲಿನಲ್ಲಿ ನಿರ್ದೇಶಕಿ. ಬಕೆಟ್ಟು ಹಿಡಿದು ಬಾಗಿಲು ದಾಟುತ್ತಿದ್ದ ಪೇಂಟರ್ ಕಣ್ಣಿಗೆ ಬಿದ್ದದ್ದೇ ತಡ, ಅವಳು ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು.

"ಇದು ನನ್ನ ಐಡಿಯಾ ಅಲ್ಲ. ಅಲ್ಲಿ ನಿಂತಿದಾರಲ್ಲ, ಅವರದು. ನಾನು ಇಷ್ಟು ದಿನ ಸುಮ್ನಿದ್ದೆ."

ಮೂವತ್ತು ತಲೆಗಳು ತಿರುಗಿದವು. ಯಾರೋ ಚಪ್ಪಾಳೆ ತಟ್ಟಿದರು. ಅವನ ಮುಖ ಸುಟ್ಟಂತಾಯಿತು. ಬಕೆಟ್ಟನ್ನು ಅಲ್ಲೇ ಇಟ್ಟು ಹೊರಟುಹೋದ.

"ಕೈಪಿಡಿ ಸದ್ಯಕ್ಕೆ ನಿಲ್ಸಿದೀನಿ," ಎಂದರು ನಿರ್ದೇಶಕಿ ಆಮೇಲೆ. "ನಿಮ್ಮ ಕೆಲಸದ ವಿಚಾರ ಇನ್ನೊಮ್ಮೆ ಯೋಚಿಸ್ಬೇಕಾಗುತ್ತೆ."

"ಸರಿ ಮೇಡಂ," ಎಂದು ಅವಳು ಹಿತ್ತಿಲಿಗೆ ಓಡಿದಳು.

ಅವನು ಮೆಟ್ಟಿಲ ಮೇಲೆ ಕೂತು ಬ್ರಷ್ ತೊಳೆಯುತ್ತಿದ್ದ.

"ತಪ್ಪಾಯ್ತು," ಎಂದಳು.

"ಯಾವುದು?"

ಅವನು ಬ್ರಷ್ಷನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದ.

"ಅವತ್ತು ನನ್ನ ಕೇಳ್ದೆ ತಗೊಂಡ್ರಿ. ಇವತ್ತು ನನ್ನ ಕೇಳ್ದೆ ಕೊಟ್ರಿ," ಅವನ ದನಿ ಏರಲಿಲ್ಲ. "ಅಷ್ಟು ಜನರ ಮುಂದೆ ನಿಮ್ಮ ಮನಸ್ಸು ಹಗುರ ಆಯ್ತು. ನಾನು ಸುಣ್ಣದ ಬಕೆಟ್ ಹಿಡ್ಕೊಂಡು ಪ್ರದರ್ಶನಕ್ಕೆ ಇಟ್ಟ ಹಾಗೆ ನಿಂತೆ."

ಅವಳು ಪ್ರಾಯಶ್ಚಿತ್ತ ಅಂದುಕೊಂಡದ್ದನ್ನೂ ತನಗಾಗಿಯೇ ಮಾಡಿಕೊಂಡಿದ್ದಳು. ಎರಡು ಮೆಟ್ಟಿಲು ಕೆಳಗೆ ಕೂತಳು. ಅವನು ಮೂರನೇ ಬ್ರಷ್ ತೊಳೆದು ಮುಗಿಸಿದ.

"ಈಗ ಕೇಳ್ಲಾ?" ಎಂದಳು.

"ಕೇಳಿ."

"ಪುಸ್ತಕ ಬಂದ್ರೆ ಅದರಲ್ಲಿ ನಿಮ್ಮ ಹೆಸರು ಹಾಕ್ಬೋದಾ?"

ಅವನು ಯೋಚಿಸಿದ. "ನಂದೊಂದೇ ಹಾಕಿದ್ರೆ ನಾನೂ ಕಳ್ಳನೇ. ಜೇನುತುಪ್ಪ ಬಿಡೋದು ನಮ್ಮಕ್ಕನ ತಲೆಗೆ ಹೊಳೆದಿದ್ದು. ಅವಳನ್ನೂ ಕೇಳ್ಬೇಕು."

"ನಾನೇ ಬಂದು ಕೇಳ್ತೀನಿ."

"ಯಾರಮ್ಮಾ ನೀನು ಅಂತಾಳೆ. ಏನು ಹೇಳ್ತೀರಿ?"

"ನಿಮ್ಮ ತಮ್ಮನ ವಿದ್ಯೆ ಕದ್ದವಳು ಅಂತೀನಿ."

"ಅಷ್ಟೇನಾ?"

ಅವಳು ಕೈಬೆರಳುಗಳನ್ನೇ ನೋಡುತ್ತಿದ್ದಳು. "ಕದಿಯೋವಾಗ್ಲೂ ಅವರು ಅಂದ್ರೆ ನಂಗೆ ಪ್ರಾಣ ಆಗಿತ್ತು, ಅದಕ್ಕೇ ಇಷ್ಟು ನಾಚಿಕೆ ಆಗ್ತಿದೆ ಅಂತೀನಿ."

ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ಅವನು ನಿಲ್ಲಿಸಲು ಮರೆತಿದ್ದ.

"ನನ್ನ ಕೋಪ ಇನ್ನೂ ಹೋಗಿಲ್ಲ," ಎಂದ ಕೊನೆಗೆ.

"ಗೊತ್ತು."

"ಅಷ್ಟು ಬೇಗ ಹೋಗೋದೂ ಇಲ್ಲ."

"ಕಾಯ್ತೀನಿ."

ಅವನು ಎದ್ದು ನಲ್ಲಿ ತಿರುಗಿಸಿದ. ಬ್ರಷ್‌ಗಳನ್ನು ಒಂದೊಂದಾಗಿ ಒಣಗಲಿಟ್ಟ.

"ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಅಕ್ಕ ಮನೇಲಿರ್ತಾಳೆ." ಬಾಗಿಲವರೆಗೆ ಹೋದವನು ತಿರುಗಿ, ಆ "ಮೇಡಂ" ಶುರುವಾದ ಮೇಲೆ ಮೊದಲ ಸಲ ಅವಳನ್ನು ನೇರ ನೋಡಿದ.

"ನಾನೂ ಇರ್ತೀನಿ."