ಬೆಚ್ಚಗಿದ್ದ ಬಾಟಲಿ

"ನಮ್ಮ ಯಜಮಾನ್ರು ಹೋಗಿ ಎರಡು ತಿಂಗಳಾಯ್ತು. ಅವರ ಬಾಟಲಿ ಮಾತ್ರ ಖಾಲಿಯಾಗ್ತಾನೇ ಇಲ್ಲ," ಎಂದರು ಮೇಲಿನ ಮನೆಯ ಸೊಸೆ. "ಇವತ್ತು ಸ್ನಾನ ಮುಗಿಸಿ ಬಂದು ಮುಟ್ಟಿದೆ. ಬೆಚ್ಚಗಿತ್ತು, ಈಗಷ್ಟೇ ಯಾರೋ ಹಿಡಿದಿಟ್ಟ ಹಾಗೆ."

ನಮ್ಮ ಕಟ್ಟಡಕ್ಕೊಬ್ಬ ಪತ್ತೇದಾರರಿದ್ದರು: ನಿವೃತ್ತ ಕಾಂಪೌಂಡರ್. ದೆವ್ವದ ಸುದ್ದಿಗೆ ಚದುರಂಗ ಬಿಟ್ಟೇಳುವವರಲ್ಲ. ಆದರೆ ಆ ಹೊತ್ತಿಗೆ ನಾನು ಗೆಲ್ಲುವುದರಲ್ಲಿದ್ದೆ. ಎದ್ದರು.

ಮೇಲಿನ ಮನೆಯ ಹಜಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ, ನೀಲಿ ಬೆಳಕಿನಲ್ಲಿ ತೊನೆಯುವ ಜೀವಂತ ಹವಳ. ಪಕ್ಕದ ಬಾಟಲಿಯಲ್ಲಿ ಹವಳ ಬೆಳೆಯಲು ಬೇಕಾದ ಕ್ಯಾಲ್ಸಿಯಂ ನೀರು. ಪುಟ್ಟ ಪಂಪೊಂದು ಆಗಾಗ ಗೊಣಗಿ, ನಳಿಕೆಯಿಂದ ತೊಟ್ಟಿಗೆ ನಾಲ್ಕು ಹನಿ ಬಿಡುತ್ತಿತ್ತು. ಸತ್ತವರು ಒಳಕೋಣೆಯಿಂದ ಏನೋ ಬೇಕೆಂದು ಕೇಳುತ್ತಿರುವಂತಿತ್ತು ಆ ಗೊಣಗಾಟ.

"ಎರಡೇ ವಾರಕ್ಕೆ ಮುಗೀಬೇಕಿತ್ತು. ನಾನಂತೂ ಮುಟ್ಟಿಲ್ಲ," ಎಂದರು ಸೊಸೆ.

"ಈ ಅಕ್ವೇರಿಯಂ ಮಾರಿಬಿಡಿ ಅತ್ತಿಗೆ," ಎಂದ ಆಗತಾನೇ ತನ್ನ ಮನೆಯಿಂದ ಬಂದಿದ್ದ ಮೈದುನ. "ಸಂಜೆ ಕೊಳ್ಳೋರು ಬರ್ತಾರೆ."

"ಅವರು ಇಲ್ಲೇ ಇದ್ರೆ ಹೇಗೆ ಮಾರ್ಲಿ?"

ಆ ಸೆಕೆಯಲ್ಲೂ ಶಾಲಿನೊಳಗೆ ಕೈ ಹುದುಗಿಸಿ ಕೂತಿದ್ದ ಅತ್ತೆ, "ತೊಲಗಲಿ ಆ ಶನಿ. ಮಗನಿಗೆ ಕೊನೇ ದಿನವೂ ಅದನ್ನೇ ಅಂದಿದ್ದೆ," ಎಂದರು.

ಕಾಂಪೌಂಡರ್ ನಳಿಕೆಯ ತುದಿ ಮೂಸಿದರು. "ವಿನೆಗರ್."

"ಬಿಳೀದಾಗಿ ಕಟ್ಟಿಕೊಳ್ಳತ್ತೆ ಅಂತ ಅವರು ವಾರವಾರ ಅದರಲ್ಲಿ ನೆನೆಸಿ ತೊಳೀತಿದ್ರು," ಎಂದರು ಸೊಸೆ. ತುದಿ ಈಗಲೂ ಹೊಳೆಯುತ್ತಿತ್ತು.

ಕಾಂಪೌಂಡರ್ ಎಲ್ಲರನ್ನೂ ಕೂರಿಸಿದರು. ಒಂದು ಲೋಟ ನೀರಿಗೆ ಬಾಟಲಿಯ ಪಕ್ಕದ ಡಬ್ಬಿಯಿಂದ ಕ್ಯಾಲ್ಸಿಯಂ ಪುಡಿ ಹಾಕಿ ಕದಡಿ, ಸೊಸೆಯ ಕೈಗಿತ್ತರು. ಆಕೆ ಬೆಚ್ಚಿಬಿದ್ದರು. "ಬಿಸಿ!"

"ಈ ಪುಡಿಯ ಗುಣವೇ ಅದು. ಅಂದ್ರೆ ನೀವು ಸ್ನಾನಕ್ಕೆ ಹೋದಾಗ ಯಾರೋ ಹೊಸದಾಗಿ ಕಲಸಿದ್ದಾರೆ. ಮೈದುನರು ಆಗಿನ್ನೂ ಬಂದಿರಲಿಲ್ಲ. ನಳಿಕೆ ತೊಳೆಯೋ ಕ್ರಮ ಗೊತ್ತಿರಬೇಕಾದ್ರೆ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿರಬೇಕು, ಬೈಯುತ್ತಲಾದರೂ. ಮತ್ತೆ, ಈ ಪುಡಿ ಚರ್ಮದ ಪಸೆಯನ್ನೆಲ್ಲ ಹೀರತ್ತೆ." ದನಿ ತಗ್ಗಿಸಿದರು. "ಅಮ್ಮಾ, ಈ ಸೆಕೆಯಲ್ಲಿ ಶಾಲು ಯಾಕೆ?"

ಅತ್ತೆ ಕೈ ಹೊರತೆಗೆದರು. ಬೆರಳುಗಳೆಲ್ಲ ಒಡೆದು ಬಿರಿದಿದ್ದವು.

"ಒಡೆದುಹಾಕ್ತೀನಿ ಅಂದಿದ್ದೆ. ಬೆಳಗಾದ್ರೆ ಅವನೇ ಇಲ್ಲ. ಇದೂ ಸತ್ರೆ ನನ್ನ ಬಾಯೇ ಕೊಂದ ಹಾಗಲ್ವೇ? ಬೈದ ಬಾಯಲ್ಲೇ ಸಾಕ್ತೀನಿ ಅಂತ ಹೇಗಮ್ಮ ಹೇಳ್ಲಿ?"

ಸೊಸೆ ಅಳಲಿಲ್ಲ. "ಕೊಳ್ಳೋರಿಗೆ ಬರಬೇಡಿ ಅಂತ ಹೇಳಿಬಿಡಪ್ಪ," ಎಂದು ಮೈದುನನಿಗೆ ಹೇಳಿ, ಸಿಂಕಿನ ಕೆಳಗಿಂದ ರಬ್ಬರ್ ಗ್ಲೌಸ್ ತಂದು ಅತ್ತೆಯ ಮಡಿಲಲ್ಲಿಟ್ಟರು. "ಇನ್ನು ಹಾಕ್ಕೊಳ್ಳಿ. ಎಷ್ಟು ಹೇಳಿದ್ರೂ ಅವರೂ ಹಾಕ್ಕೊಳ್ತಿರ್ಲಿಲ್ಲ."

ಪಂಪು ಗೊಣಗಿತು.

"ಬಂದೆ ಕಣೋ," ಎಂದರು ಅತ್ತೆ. ಯಾರೂ ತಿದ್ದಲಿಲ್ಲ, ಕಾಂಪೌಂಡರ್ ಕೂಡ.