ತೂತು ಗೂಡಿನ ಅಮ್ಮ

ರೇಷ್ಮೆಹುಳು ಸಾಕಿ ನಮ್ಮನ್ನು ಬೆಳೆಸಿ ತೀರಿಕೊಂಡ ಅಮ್ಮನದು ಒಂದು ಫೋಟೊವೂ ಇಲ್ಲ. ಅದಕ್ಕೇ ಹಳೇ ಲಗ್ನಪತ್ರಿಕೆಯ ಚೂರುಗಳಿಂದ ಅವಳ ಮುಖ ಮಾಡಿ, ಸುತ್ತ ಖಾಲಿ ರೇಷ್ಮೆಗೂಡು ಅಂಟಿಸಿದ್ದೆ. ಕೆನ್ನೆ ಮಾತ್ರ ಕೂಡಿ ಬಂದಿರಲಿಲ್ಲ.

ಮೊನ್ನೆ ಮಧ್ಯಾಹ್ನ ಟೀ ಕಾಯಿಸುವಾಗ ನಡುಮನೆಯಲ್ಲಿ ಹುಳು ಸೊಪ್ಪು ಮೇಯುವ ಸರಸರ ಸದ್ದು. ಕೆಂಚಾರ್ಲಹಳ್ಳಿಯ ಈ ಮನೆಯಲ್ಲಿ ಹುಳು ಸಾಕುವುದು ನಿಂತು ಹತ್ತು ವರ್ಷವಾಯಿತು. ಓಡಿ ಬಂದು ನೋಡಿದರೆ ಕೆನ್ನೆಯ ಕಾಗದದ ಅಂಚನ್ನು ಏನೋ ಸಣ್ಣಗೆ ಮೇಯ್ದಿತ್ತು. ಥೇಟ್ ಅಮ್ಮನ ಕೆನ್ನೆ! ಖುಷಿಯಿಂದ ತಂಗಿ ಶೈಲಜಾಳನ್ನು ಕೂಗಿದೆ.

“ಅಮ್ಮನೇ ಕಣಕ್ಕಾ! ಇನ್ನೂ ಸೊಪ್ಪು ಹಾಕಿಲ್ವೇನ್ರೇ ಅಂತ ಈಗ ಬಯ್ತಾಳೆ ನೋಡು.”

ನಗುತ್ತಾ ಇಬ್ಬರೂ ಚಿತ್ರವನ್ನು ಎತ್ತಿದೆವು. ಒಳಗೆ ಹುಳುವಿರುವ ಗೂಡಿನಂತೆ ಗೂಡುಗಳೆಲ್ಲ ಗಲಗಲ ಅಂದವು.

ಚಿಟ್ಟೆ ಹೊರಬಂದ ತೂತು ಮೇಲೆ ಕಾಣುವಂತೆಯೇ ಅಂಟಿಸಿದ್ದೆ. ಈಗ ಒಂದರಲ್ಲೂ ತೂತಿಲ್ಲ.