ಟಾರಿನ್ ಬರೆದ ಪ್ರಶ್ನೆ

"ನಮ್ಮ ಹಾಳೆ ಇವ್ರ ಕೈಗೆ ಮೊದ್ಲೇ ಸಿಕ್ಕಿತ್ತು!"

ಕ್ವಾರಿ ರಸ್ತೆಯ ಸಂಸ್ಥೆಯವರು ಸಂದರ್ಶನ ಮುಗಿಸಿ ಆಗಷ್ಟೇ ಹೊರಗೆ ಹೋಗಿದ್ದರು. ಟಾರಿನ್ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು.

ಆಲ್ಡರ್‌ಬಿ ನಗರಸಭೆಯ ಎರಡನೇ ಮಹಡಿ. ಹೆತ್ತವರ ಆಸರೆ ಇಲ್ಲದ ಹರೆಯದ ಮಕ್ಕಳಿಗಾಗಿ ಆರು ಕೋಣೆಯ ಮನೆ. ಅದನ್ನು ನಡೆಸುವ ಗುತ್ತಿಗೆ ಯಾರಿಗೆ ಎಂಬುದು ಆ ದಿನ ತೀರ್ಮಾನವಾಗಬೇಕಿತ್ತು. ಕಣದಲ್ಲಿ ಉಳಿದಿದ್ದು ಎರಡೇ ಸಂಸ್ಥೆ. ಒಂದರ ಮನೆ ಊರೊಳಗಿನ ಮಿಲ್ ರಸ್ತೆಯಲ್ಲಿ, ಇನ್ನೊಂದರದು ಬಸ್ಸೂ ಸರಿಯಾಗಿ ಹೋಗದ ಕ್ವಾರಿ ರಸ್ತೆಯಲ್ಲಿ. ಅಂಥ ಮನೆಗಳಲ್ಲೇ ಬೆಳೆದ ಇಪ್ಪತ್ತರ ಟಾರಿನ್ ಇಬ್ಬರಿಗೂ ಒಂದು ಗುಟ್ಟಿನ ಪ್ರಶ್ನೆ ಕೇಳುವುದೆಂದು ನಿಗದಿಯಾಗಿತ್ತು. ಪ್ರಶ್ನೆಯೂ ಅವಳದೇ, ಪೂರ್ತಿ ಅಂಕ ಎಂಥ ಉತ್ತರಕ್ಕೆಂದು ಬರೆದವಳೂ ಅವಳೇ.

ನಾನು ನಡಾವಳಿ ಬರೆಯುವ ಗುಮಾಸ್ತೆ. ಎಲ್ಲವೂ ನನ್ನ ಪುಸ್ತಕದಲ್ಲಿತ್ತು.

ಪ್ರಶ್ನೆ ಇದು: ಹತ್ತೊಂಬತ್ತರ ಹುಡುಗಿ ಮೂರು ದಿನ ಕಾಣೆಯಾಗಿದ್ದು, ಬಾಗಿಲಿಗೆ ಬಂದು ನಿಂತಿದ್ದಾಳೆ. ಏನು ಮಾಡುತ್ತೀರಿ?

ಮಿಲ್ ರಸ್ತೆಯವರು ತಡವರಿಸುತ್ತ, ಯೋಚಿಸುತ್ತ ಹೇಳಿದ್ದರು. ಕ್ವಾರಿ ರಸ್ತೆಯ ವ್ಯವಸ್ಥಾಪಕ ಮಾತ್ರ ನೀರು ಕುಡಿದಂತೆ ಹೇಳಿದ: "ಮೊದ್ಲು ಏನೂ ಕೇಳಲ್ಲ. ಟೋಸ್ಟ್ ಮೇಲೆ ಬೀನ್ಸ್, ಅದರ ಮೇಲೆ ಚೀಸ್ ಹಾಕಿ ಕೊಡ್ತೀವಿ. ಅವಳ ಕೋಣೆ ಕೀ ಅವಳ ಕೈಗೇ ಕೊಡ್ತೀವಿ. ಮಾರನೇ ದಿನ ಅವಳ ಶಾಲೆಗೆ ನಾವೇ ಫೋನ್ ಮಾಡಿ ಮಾತಾಡ್ತೀವಿ."

"ಬೀನ್ಸ್ ಮೇಲೆ ಚೀಸ್ ಅಂತ ಬರೆದವಳು ನಾನು!" ಎಂದಳು ಟಾರಿನ್. "ಅದು ಅವನಿಗೆ ಹೇಗೆ ಗೊತ್ತು?"

ವೀಕ್ಷಕರಾಗಿ ಕೂತಿದ್ದ ನಗರಸಭಾ ಸದಸ್ಯ ಡೆಸ್ಮಂಡ್ ಗಾರ್ಸ್ಟಂಗ್ ಕನ್ನಡಕ ಒರೆಸಿಕೊಂಡರು. "ನೋಡಮ್ಮಾ, ನೀನು ಎರಡು ವರ್ಷ ಅವರ ಮನೇಲೇ ಇದ್ದವಳು. ನಿನ್ನ ಗೆಳತಿ ಇವತ್ತಿಗೂ ಅಲ್ಲೇ ಕೆಲಸಕ್ಕಿದ್ದಾಳೆ. ನಿನ್ನ ಬಾಯೇ ಜಾರಿರಬಹುದಲ್ವಾ? ಮಕ್ಕಳನ್ನ ಇಂಥದ್ದಕ್ಕೆ ಸೇರಿಸಬಾರದು ಅಂತ ನಾನು ಮೊದಲೇ ಹೇಳಿದ್ದೆ."

ಟಾರಿನ್ ಕೂತಳು. ಈ ಕೋಣೆಯಲ್ಲಿ ಒಂದು ಕುರ್ಚಿ ಸಿಗಲು ಅವಳು ಎರಡು ವರ್ಷ ಓಡಾಡಿದ್ದಳು.

ಅರ್ಧ ಗಂಟೆಯಲ್ಲಿ ವರ್ನಾ ಬ್ರಾಮ್ವೆಲ್ ಬಂದಳು — ನಗರಸಭೆಯ ಒಳತನಿಖೆಯವಳು. ಕೋಟು ಬಿಚ್ಚುವ ಮೊದಲೇ ಕೇಳಿದಳು: "ಹಾಳೆ ಯಾರ್ಯಾರ ಹತ್ರ ಇತ್ತು?"

"ಸೋಮವಾರ ಟಾರಿನ್ ನನಗೂ ಗಾರ್ಸ್ಟಂಗ್ ಅವರಿಗೂ ಕೊಟ್ಟಳು," ಎಂದಳು ಮನೆಯ ಯೋಜನೆಯ ಹೊಣೆ ಹೊತ್ತ ಗಿಲಿಯನ್. "ಮಂಗಳವಾರ ಬೆಳಿಗ್ಗೆ ಒಂದು ಪದ ಬದಲಾಯಿಸಿದಳು. ಹೊಸದನ್ನ ನಾನೇ ಟೈಪ್ ಮಾಡಿದೆ."

"ನನಗೆ ಸಿಕ್ಕಿದ್ದು ಆ ಹೊಸದೊಂದೇ," ಎಂದ ಟೆಂಡರ್ ಅಧಿಕಾರಿ ನೈಜೆಲ್. "ಸೋಮವಾರ ನಾನು ರಜೆ."

"ಗಾರ್ಸ್ಟಂಗ್ ಅವರಿಗೆ ಹೊಸದು ಕೊಟ್ರಾ?"

"ಇಲ್ಲ. ಅವರು ಅಂಕ ಹಾಕೋರಲ್ಲವಲ್ಲ, ಬೇಡ ಅನ್ನಿಸ್ತು," ಎಂದಳು ಗಿಲಿಯನ್.

"ಬದಲಾಯಿಸಿದ್ದು ಏನು, ಮಗಳೇ?"

"ವಯಸ್ಸು," ಎಂದಳು ಟಾರಿನ್. "ಮೊದ್ಲು ಹದಿನಾರು ಅಂತಿತ್ತು. ಹದಿನಾರಾದ್ರೆ ಫೋನ್ ಮಾಡೋಕೆ ಯಾರಾದ್ರೂ ಇರ್ತಾರೆ. ಹತ್ತೊಂಬತ್ತರವಳಿಗೆ ಯಾರಿರ್ತಾರೆ?"

ವರ್ನಾ ನನ್ನ ಪುಸ್ತಕ ಎಳೆದುಕೊಂಡು ಎರಡು ಸಲ ಓದಿದಳು. ನಕ್ಕಳು.

"ಎಲ್ರೂ ಬೀನ್ಸ್ ಹಿಂದೆ ಬಿದ್ರಿ. ಶಾಲೆಯನ್ನ ಯಾರೂ ನೋಡಲಿಲ್ಲ. ಹತ್ತೊಂಬತ್ತರ ಹುಡುಗಿಗೆ ಎಂಥ ಶಾಲೆ? ಅವನು ಬಾಯಿಪಾಠ ಮಾಡಿಕೊಂಡು ಬಂದದ್ದು ಹದಿನಾರರವಳ ಉತ್ತರ — ಸೋಮವಾರದ ಹಾಳೆ ನೋಡಿ ಕಟ್ಟಿದ್ದು. ಶಾಲೆಯನ್ನ ಅವನೇ ಸೇರಿಸಿಕೊಂಡ, ಟಾರಿನ್ ಬರೆದದ್ದರಲ್ಲಿ ಅದಿಲ್ಲ. ಟಾರಿನ್ ಹೇಳಿದ್ದಿದ್ರೆ ತಾನೇ ಮಾಡಿದ ಬದಲಾವಣೆಯನ್ನೂ ಹೇಳ್ತಿದ್ದಳು. ಹೊಸದನ್ನ ಟೈಪ್ ಮಾಡಿದ ಗಿಲಿಯನ್ನೂ ಅಷ್ಟೇ. ನೈಜೆಲ್‌ಗೆ ಹಳೆಯದು ಗೊತ್ತೇ ಇಲ್ಲ. ಹಳೆಯದೊಂದೇ ಗೊತ್ತಿದ್ದವರು ಒಬ್ಬರೇ, ಗಾರ್ಸ್ಟಂಗ್ ಅವರೇ."

"ಇದೆಲ್ಲ ಊಹೆ!"

"ಆ ವ್ಯವಸ್ಥಾಪಕ ಇನ್ನೂ ಕೆಳಗೆ ಚಹಾ ಕುಡೀತಿದ್ದಾನೆ. ಕರೆಸಿ ಕೇಳೋಣ್ವಾ?"

ಗಾರ್ಸ್ಟಂಗ್ ಬಾಗಿಲ ಕಡೆ ನೋಡಿದರು. ಆಮೇಲೆ ಮೇಜಿನ ಕಡೆ.

"ಮಿಲ್ ರಸ್ತೆ ನನ್ನ ವಾರ್ಡು," ಎಂದರು ಕೊನೆಗೆ. "ಇನ್ನೂರು ಜನ ಸಹಿ ಹಾಕಿ ಕೊಟ್ಟಿದ್ದಾರೆ, ನಮ್ಮ ಬೀದೀಲಿ ಇಂಥ ಮಕ್ಕಳು ಬೇಡ ಅಂತ. ಮೇ ತಿಂಗಳಲ್ಲಿ ಚುನಾವಣೆ. ನಾನೇನು ಮಾಡಲಿ?"

"ಆ ಇನ್ನೂರು ಜನರಲ್ಲಿ ಎಷ್ಟು ಜನ ನಮ್ಮ ಜೊತೆ ಮಾತಾಡಿದ್ದಾರೆ?" ಟಾರಿನ್ ದನಿ ಏರಿಸಲಿಲ್ಲ. "ನೀವು ಮಾತಾಡಿದ್ದೀರಾ?"

ಅವರು ಕೋಟು ತೆಗೆದುಕೊಂಡು ಹೊರಟುಹೋದರು. ಮರುದಿನ ರಾಜೀನಾಮೆ ಬಂತು.

ಕ್ವಾರಿ ರಸ್ತೆಯವರ ಅರ್ಜಿ ಅಂದೇ ತಿರಸ್ಕೃತವಾಯಿತು. ಅಂಕದ ಹಾಳೆಗೆ ಟಾರಿನ್ ಸಹಿ ಹಾಕಿದಳು, ಗಿಲಿಯನ್ ಹಾಕಿದಳು, ನೈಜೆಲ್ ಹಾಕಿದ. ಗುತ್ತಿಗೆ ಮಿಲ್ ರಸ್ತೆಯ ಮನೆಗೆ ಎಂದು ನಾನು ಬರೆದುಕೊಂಡೆ.